ಅತ್ತೆ ಜಾಸ್ತಿ ಆದ್ರು

ಅವನು ಸಾಯುವ ಹಿಂದಿನ ದಿನ ಗಂಡ ಹೆಂಡತಿ ಸೇರಿಕೊಂಡು ಅತ್ತೆಯನ್ನು ಇಳಿಸುತ್ತಿದ್ದರು.

"ಇನ್ನೂ ಜಾಸ್ತಿ ಇದೆ!" ಹಿತ್ತಲಿನಿಂದ ಅವಳು ಕೂಗಿದಳು. ಕೈಯಲ್ಲಿ ತಿಕ್ಕುತ್ತಿದ್ದ ಬಾಣಲೆ.

"ಎಷ್ಟು ಇಳಿಸ್ಲಿ?" ಮುಂದಿನ ಕೋಣೆಯಿಂದ ಅವನು ಕೇಳಿದ.

"ಒಂದು ಚೂರು. ಅತ್ತೆ ಕಿರುಚ್ತಾನೇ ಇದೆ."

"ಈಗ?"

"ಈಗ ಸರಿ. ಮಾವ ಎಲ್ಲಿ ಹೋಯ್ತು? ಪಾತ್ರೆ ಅಲ್ಲಾಡ್ತಿಲ್ಲ."

ಅತ್ತೆ ಎಂದರೆ ಅವನನ್ನು ಹೆತ್ತ ತಾಯಿಯಲ್ಲ. ಹೆತ್ತ ತಾಯಿ ಆ ಹೊತ್ತಿಗೆ ಎದುರು ಮನೆಯಲ್ಲಿ ದೊಡ್ಡ ಸೊಸೆಗೆ ಬುದ್ಧಿ ಹೇಳುತ್ತ ಕೂತಿದ್ದರು. ಇದು ಸೌಂಡ್ ಮಿಕ್ಸರಿನ ಮೇಲಿನ ಒಂದು ಗುಂಡಿ. ಅವನದು ಬಾಡಿಗೆಗೆ ಸೌಂಡ್ ಹಾಕುವ ಕೆಲಸ. ಆಳೆತ್ತರದ ಎರಡು ಬಾಕ್ಸು, ಒಂದು ಮಿಕ್ಸರು, ಒಂದು ಮೈಕು, ಬಿಸ್ಕತ್ತಿನ ಡಬ್ಬದ ತುಂಬ ಹಾಡಿನ ಪೆನ್‌ಡ್ರೈವು. ಮಿಕ್ಸರಿನ ಗುಂಡಿಗಳ ಕೆಳಗೆ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ತಂದಾಗಲೇ ಅರ್ಧ ಅಳಿಸಿತ್ತು, ಉಳಿದದ್ದನ್ನು ಅವನ ಹೆಬ್ಬೆರಳು ಅಳಿಸಿತು. ಅದರಿಂದ ಅವನಿಗೇನೂ ತೊಂದರೆಯಾಗಲಿಲ್ಲ. ಇದ್ದರೂ ಓದಲು ಬರುತ್ತಿರಲಿಲ್ಲ. ಮನೆಯವರ ಹೆಸರನ್ನೇ ಇಟ್ಟುಕೊಂಡ.

ಚೂಪಾಗಿ ಕಿವಿಗೆ ಚುಚ್ಚುವ ದನಿ ಅತ್ತೆ. ಅವನಿಗೆ ಅಮ್ಮ, ಆದರೆ "ಕೇಳಿಸ್ಕೊಳ್ಳೋಳು ನೀನು ತಾನೆ, ನಿನ್ನ ಲೆಕ್ಕದಲ್ಲೇ ಇರ್ಲಿ" ಎಂದಿದ್ದ. ದಪ್ಪ ದನಿ ಮಾವ. ತೀರಿಹೋದ ಮಾವ ಬಾಯಿ ಬಿಡುತ್ತಿದ್ದದ್ದೇ ಅಪರೂಪ, ಬಿಟ್ಟರೆ ಕಪಾಟಿನ ಪಾತ್ರೆಗಳು ನಡುಗುತ್ತಿದ್ದವು. ಆಡಿದ ಒಂದೇ ಮಾತನ್ನು ಹತ್ತು ಸಲ ಆಡುವ ಗುಂಡಿ ನಾದಿನಿ. ನಡುವಿನ ದನಿ ಸೊಸೆ. "ಅದು ಇದ್ರೆ ಯಾರಿಗೂ ಗೊತ್ತಾಗಲ್ಲ. ತೆಗೆದ್ರೆ ಹಾಡಿನ ಒಂದು ಪದಾನೂ ತಿಳಿಯಲ್ಲ" ಎಂದು ಅವನು ಒಂದೇ ಒಂದು ಸಲ ಹೇಳಿದ್ದ. ಅವಳು ಆ ದಿನ ಬಾಣಲೆಯನ್ನು ಕನ್ನಡಿಯ ಹಾಗೆ ಬೆಳಗಿದ್ದಳು. ಎಲ್ಲರನ್ನೂ ಒಟ್ಟಿಗೆ ಏರಿಸಿ ಇಳಿಸುವ ದೊಡ್ಡ ಗುಂಡಿ ಯಜಮಾನ. ಮೈಕು ಕುಂಯ್ ಎಂದು ಅರಚಿದರೆ ಕೂಸು ಎದ್ದಿತು ಎಂದು ಅರ್ಥ.

ಬೀದಿಯವರು ಅವನನ್ನು ಹಲೋ ಎಂದು ಕರೆಯುತ್ತಿದ್ದರು. ಮೈಕಿನಲ್ಲಿ ಅವನು ಆಡುತ್ತಿದ್ದದ್ದು ಅದೊಂದೇ ಮಾತು. ಅವಳು ಹಲೋ ಅಕ್ಕ. ಎಲ್ಲಿ ಸೌಂಡ್ ಹಾಕಿದರೂ ಅವನು ಮಿಕ್ಸರಿನ ಮುಂದೆ, ಅವಳು ಜನರ ಹಿಂದೆ, ಗೋಡೆಗೆ ಬೆನ್ನು ಕೊಟ್ಟು. ಕೈ ಅವನದು, ಕಿವಿ ಅವಳದು. ಮದುವೆಯಾದಾಗಿನಿಂದ ಹಾಗೇ. ಅವಳು ಗುಂಡಿ ಮುಟ್ಟಿದವಳಲ್ಲ, ಅವನು ಹಿಂದೆ ನಿಂತು ಕೇಳಿದವನಲ್ಲ. ಅತ್ತೆ ಮನೆಯಲ್ಲಿದ್ದಾಗ ಮಾತ್ರ ಟೆಸ್ಟಿಂಗ್ ಮಾಡುತ್ತಿರಲಿಲ್ಲ. ಅದು ಕಾನೂನು.

ಆ ದಿನದ ಟೆಸ್ಟಿಂಗು ಶಾಲೆಯ ಡ್ಯಾನ್ಸಿಗೆ. ಕೊನೆಯ ತರಗತಿ ಮುಗಿಸಿ ಹೋಗುವ ಮಕ್ಕಳಿಗೆ ಒಂದು ಸಂಜೆ ಕುಣಿಯಲು ದೊಡ್ಡ ಮೇಡಮ್ಮು ಒಪ್ಪಿಗೆ ಕೊಟ್ಟಿದ್ದರು. ಮಕ್ಕಳು ಗೇಟಿಗೆ ಕಾಗದ ಅಂಟಿಸಿದ್ದರು. ಅದರಲ್ಲಿ ದಪ್ಪ ಅಕ್ಷರದಲ್ಲಿ "ಡೀಜೆ ಹಲೋ" ಎಂದು ಬರೆದಿತ್ತು. ಅದನ್ನು ಕಂಡಾಗಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ.

"ಡೀಜೆ ಅಂತೆ ಕಣೇ ನಾನು."

"ಇಷ್ಟು ದಿನ ಏನಾಗಿದ್ರಿ?"

"ಸೌಂಡ್‌ನವನು. ಸೌಂಡ್‌ನವನು ಬೇರೆಯೋರು ಹೇಳಿದ ಹಾಡು ಹಾಕ್ತಾನೆ. ಡೀಜೆ ತನಗೆ ಬೇಕಾದ್ದು ಹಾಕ್ತಾನೆ."

"ಮನೇಲಿ ನನಗೆ ಬೇಕಾದ್ದು ಯಾವಾಗ ಹಾಕಿದೀರಿ?"

"ಮನೆಗೆ ಬೇರೆ ಡೀಜೆ ಇದಾರೆ. ಎದುರು ಮನೇಲಿ ಕೂತಿದಾರೆ, ಮೆಲ್ಲಗೆ ಮಾತಾಡು" ಎಂದು ಅವನು ಕಣ್ಣು ಹೊಡೆದ. ಎಲ್ಲಿಂದಲೋ ತಂದ ಕಪ್ಪು ಕನ್ನಡಕ ಹಾಕಿಕೊಂಡು ಮಿಕ್ಸರಿನ ಮುಂದೆ ಕೂತ. ಕತ್ತಲೆ ಕೋಣೆಯಲ್ಲಿ ಗುಂಡಿ ಕಾಣದೆ ನಾದಿನಿಯನ್ನು ಪೂರ್ತಿ ತಿರುಗಿಸಿಬಿಟ್ಟ. ಅವನು ಕೆಮ್ಮಿದ್ದು ಬೀದಿಗೆಲ್ಲ ಹತ್ತು ಸಲ ಕೇಳಿಸಿತು. ಪಕ್ಕದ ಮನೆಯಿಂದ ಶುಂಠಿ ಕಷಾಯ ಬಂತು.

ಡೀಜೆ ಎಂದ ಮೇಲೆ ಮೀಸೆ ಹೀಗಿರಬಾರದು ಎಂದು ಮಾರನೆಯ ಬೆಳಿಗ್ಗೆ ಕ್ಷೌರದಂಗಡಿಗೆ ಹೋದ. ಎಡಗಡೆಯ ಮೀಸೆ ಮುಗಿದಿತ್ತು. ಬಲಗಡೆಗೆ ಕತ್ತರಿ ಬರುವಷ್ಟರಲ್ಲಿ ತಲೆ ವಾಲಿತು. "ಅಲ್ಲಾಡ್ಬೇಡಿ ಹಲೋ" ಎಂದನಂತೆ ಅಂಗಡಿಯವನು. ಅವನು ಅಲ್ಲಾಡಲಿಲ್ಲ.

ಮಧ್ಯಾಹ್ನ ಆ ಅಂಗಡಿಯವನೇ ಕತ್ತರಿ ಬಾಚಣಿಗೆ ಹಿಡಿದುಕೊಂಡು ಮನೆಗೆ ಬಂದ. ಅಳುತ್ತಲೇ ಬಲಗಡೆಯನ್ನೂ ಮುಗಿಸಿದ. "ಎರಡೂ ಕಡೆ ಸಮ ಇದೆಯಾ ನೋಡಿ ಅಕ್ಕ" ಎಂದ. ಅವಳು ಸ್ವಲ್ಪ ಹಿಂದೆ ಸರಿದು ನಿಂತು ನೋಡಿದಳು.

"ಬಲಗಡೆ ಒಂದು ಚೂರು ಜಾಸ್ತಿ ಇದೆ" ಎಂದಳು.

ಅವನು ಮತ್ತೆ ಕತ್ತರಿಸಿದ.

ತಿಥಿಗೆ ಬಂದವರೆಲ್ಲ ಹೋದ ಮೇಲೆ ಭಾವ ಬಂದು ಕೂತರು. ಭಾವ ಎಂದರೆ ಗಂಡನ ಅಣ್ಣ, ಎದುರು ಮನೆಯವರು, ಕುರ್ಚಿ ಬಾಡಿಗೆಗೆ ಕೊಡುವವರು. ಕೆಟ್ಟವರಲ್ಲ. ಆದರೆ ಎಲ್ಲಿ ಖಾಲಿ ಜಾಗ ಕಂಡರೂ ಅಲ್ಲಿ ಎಷ್ಟು ಕುರ್ಚಿ ಹಿಡಿಯುತ್ತದೆ ಎಂದು ಅವರ ಕಣ್ಣು ಅಳೆಯುತ್ತಿತ್ತು.

"ನೋಡಮ್ಮ, ಮಾತಾಡದ ಬಾಕ್ಸು ಮುರುಕು ಬೀರು ಇದ್ದಂಗೆ. ಇಲಿ ತಿನ್ನುತ್ತೆ. ಬಳಸೋರಿಗೆ ಕೊಟ್ಟುಬಿಡೋಣ. ಈ ಕೋಣೆಗೆ ನನ್ನ ಕುರ್ಚಿ ಬರ್ಲಿ."

"ಶಾಲೆ ಡ್ಯಾನ್ಸ್ ಆಗ್ಲಿ ಭಾವ."

"ಯಾರು ಹಾಕ್ತಾರೆ ಸೌಂಡು?"

"ನಾವು."

"ನಾವು ಅಂದ್ರೆ?"

"ನಾವು ಅಂದ್ರೆ ನಾವು."

ಭಾವ ಅವಳನ್ನು ನೋಡಿದರು, ಬಾಕ್ಸನ್ನು ನೋಡಿದರು, ಹಿಂದೆ ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದೂ ನೋಡಿದರು. "ಸರಿ. ಅವತ್ತು ಬಾಕ್ಸು ಮಾತಾಡಿದ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ಮಾರನೇ ದಿನ ಕೋಣೆ ಖಾಲಿ."

ಅವಳಿಗೆ ಬಾಕ್ಸಿನ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಗುಡಿಸುವಾಗ ಕಾಲಿಗೆ ಹೊಡೆಯುತ್ತಿದ್ದವು. ಆದರೆ ಅವು ಹೋದರೆ ಅವಳು ನಿಲ್ಲುವ ಜಾಗವೂ ಹೋಗುತ್ತದೆ. ಜನರ ಹಿಂದೆ ನಿಂತು ಕೇಳುವುದೊಂದೇ ಅವಳು ಕಲಿತ ವಿದ್ಯೆ. ಇನ್ನು ಮನೆಯಲ್ಲೇ ಕೂತರೆ ಕೇಳುವುದಕ್ಕೆ ಉಳಿಯುವುದು ಎರಡೇ, ಗಡಿಯಾರ ಮತ್ತು ಅತ್ತೆ. ಗಡಿಯಾರವಾದರೂ ನಡುವೆ ಉಸಿರು ತೆಗೆದುಕೊಳ್ಳುತ್ತಿತ್ತು.

ಮಾರನೆಯ ದಿನ ಮಿಕ್ಸರಿಗೆ ಕರೆಂಟು ಕೊಟ್ಟಳು. ಕೆಂಪು ದೀಪ ಹತ್ತಿತು. ಹಾಡು ಹಾಕಿದಳು. ಉಸಿರಿಲ್ಲ. ವೈರು ಅಲ್ಲಾಡಿಸಿದಳು. ಅವನು ಬಡಿಯುತ್ತಿದ್ದ ಜಾಗದಲ್ಲಿ ಬಡಿದಳು. ಆಗ ನೆನಪಾಯಿತು. ಕೆಲಸ ಮುಗಿದ ಮೇಲೆ ಅವನು ದೊಡ್ಡ ಗುಂಡಿಯನ್ನು ಸೊನ್ನೆಗೆ ತಿರುಗಿಸಿ "ಯಜಮಾನ ಮಲಗ್ದ" ಎನ್ನುತ್ತಿದ್ದ. ಆ ಒಂದು ಗುಂಡಿ ಅವಳಿಗೆ ಗೊತ್ತಿತ್ತು. ಅದರ ಮೇಲೆ ಬೆರಳಿಟ್ಟಳು.

"ಏಳ್ರೀ" ಎಂದು ತಿರುಗಿಸಿದಳು.

ಹಾಡು ಬಂತು. ಕಿವಿ ಹರಿಯುವಂತೆ ಬಂತು, ಆದರೂ ಬಂತು.

ಅತ್ತೆ ಅಡುಗೆಮನೆಯಿಂದ ಓಡಿಬಂದರು. "ಏನೇ ಇದು, ಮನೆ ಬಿತ್ತಾ?"

"ಶಾಲೆಗೆ ಸೌಂಡ್ ಹಾಕ್ಬೇಕು ಅತ್ತೆ. ಡೀಜೆ."

"ಡೀಜೆ ಅಂದ್ರೆ?"

"ಹಾಡು ಹಾಕೋರು."

"ಹಾಡು ಹಾಕೋಕೂ ಪದವಿನಾ? ಹಾಗಾದ್ರೆ ಒಲೆ ಮೇಲೆ ಪಾತ್ರೆ ಇಡೋಳು ನಾನು ಏನು?" ಎಂದು ಅತ್ತೆ ಮೂಗು ಮುರಿದರು. ಆದರೆ ಹೋಗಲಿಲ್ಲ. ಮಗ ಕೂರುತ್ತಿದ್ದ ಎತ್ತರದ ಸ್ಟೂಲನ್ನು ಸೆರಗಿನಿಂದ ಒರೆಸಿದರು.

ಅಷ್ಟರಲ್ಲಿ ಶಾಲೆಯಿಂದ ಡ್ರಿಲ್ ಮೇಷ್ಟ್ರು ಬಂದರು. ಕೊರಳಲ್ಲಿ ಸೀಟಿ. ದೊಡ್ಡ ಮೇಡಮ್ಮು ಅವರಿಗೆ ಒಂದು ಕೆಲಸ ಒಪ್ಪಿಸಿದ್ದರು. ಹಾಡುಗಳಲ್ಲಿ ಪ್ರೀತಿ ಇರಕೂಡದು.

"ಎಳೆ ಮಕ್ಕಳು ನೋಡಿ. ಕೆಟ್ಟ ಪದ ಬಂದ್ರೆ ನಾನು ಸೀಟಿ ಊದ್ತೀನಿ, ನೀವು ನಿಲ್ಲಿಸ್ಬೇಕು" ಎಂದರು.

ಬಿಸ್ಕತ್ತಿನ ಡಬ್ಬದಿಂದ ಒಂದೊಂದೇ ಪೆನ್‌ಡ್ರೈವು ಹಾಕುತ್ತ ಹೋದಳು. ಮೇಷ್ಟ್ರು ಸೀಟಿ ಊದುತ್ತ ಹೋದರು. ಹೃದಯ, ಸೀಟಿ. ಚೆಲುವೆ, ಸೀಟಿ. ಒಂದು ಹಾಡು ಬರೀ "ಓ" ಎಂದು ಶುರುವಾಯಿತು, ಅದಕ್ಕೂ ಸೀಟಿ.

"ಅದು ಬರೀ ಓ ಅಲ್ವಾ ಮೇಷ್ಟ್ರೇ?"

"ಆ ಓ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನನಗೆ ಗೊತ್ತು."

ಮುಂದಿನದರಲ್ಲಿ ಮುತ್ತು ಬಂತು. ಸೀಟಿ.

"ಮುತ್ತು ಅಂದ್ರೆ ಸಮುದ್ರದಲ್ಲಿ ಸಿಗೋ ಮುತ್ತೂ ಇರಬಹುದಲ್ಲ" ಎಂದರು ಅತ್ತೆ. ಅವರಿಗೆ ಆ ಹಾಡು ಹಿಡಿಸಿತ್ತು.

ಮೇಷ್ಟ್ರು ಯೋಚಿಸಿದರು. ನ್ಯಾಯವಂತ ಮನುಷ್ಯ. "ಮುಂದಕ್ಕೆ ಹಾಕಿ ನೋಡೋಣ" ಎಂದರು. ಮುಂದೆ ತುಟಿ ಬಂತು. "ಸಮುದ್ರಕ್ಕೆ ತುಟಿ ಇಲ್ಲಮ್ಮ" ಎಂದು ದುಃಖದಿಂದ ಊದಿದರು.

ಡಬ್ಬ ಖಾಲಿಯಾಗುವ ಹೊತ್ತಿಗೆ ಮೂರು ಹಾಡು ಪಾಸಾಗಿದ್ದವು. ರೈಲಿನದೊಂದು, ಹಲ್ಲುಪುಡಿಯ ಜಾಹೀರಾತು, ಒಂದು ಜೋಗುಳ. ಜೋಗುಳದಲ್ಲೂ ಚಿನ್ನ, ಬಂಗಾರ ಬರುತ್ತಿತ್ತು. ತಾಯಿ ಹಾಡುವುದರಿಂದ ಅಡ್ಡಿಯಿಲ್ಲ ಎಂದು ಬಿಟ್ಟರು.

"ಇನ್ನು ಟೆಸ್ಟಿಂಗು" ಎಂದಳು. "ಅತ್ತೆ, ನೀವು ಈ ಸ್ಟೂಲ್ ಮೇಲೆ ಕೂತು ಗುಂಡಿಗಳನ್ನ ಒಂದೊಂದಾಗಿ ತಿರುಗಿಸಿ. ನಾನು ಹಿತ್ತಲಲ್ಲಿ ನಿಂತು ಹೇಳ್ತೀನಿ."

ಹಿತ್ತಲಿಗೆ ಹೋಗುವಾಗ ತನಗೆ ತಾನೇ ಹೇಳಿಕೊಂಡಳು. ಹೆಸರು ಬಾಯಿಗೆ ಬರಬಾರದು. ಚೂಪು ಎನ್ನಬೇಕು, ದಪ್ಪ ಎನ್ನಬೇಕು. ಆದರೆ ನಲ್ಲಿಯ ಪಕ್ಕ ನಿಂತು ಹಾಡು ಕಿವಿಗೆ ಬಿದ್ದದ್ದೇ ತಡ, ಬಾಯಿ ಹಳೆಯ ದಾರಿ ಹಿಡಿಯಿತು.

"ಅತ್ತೆ ಜಾಸ್ತಿ ಆಯ್ತು!"

ಒಳಗೆ ಅತ್ತೆಯ ಕಿವಿ ನೆಟ್ಟಗಾಯಿತು. "ಏನಂದಳು?"

"ಅತ್ತೇನ ಇಳಿಸಿ!"

ಡ್ರಿಲ್ ಮೇಷ್ಟ್ರು ಆಜ್ಞೆ ಕೇಳಿ ಬೆಳೆದವರು. ತಟ್ಟನೆ ಎದ್ದು ಅತ್ತೆಯ ರೆಟ್ಟೆ ಹಿಡಿದು ಸ್ಟೂಲಿನಿಂದ ಮೆಲ್ಲಗೆ ಕೆಳಗಿಳಿಸಿದರು.

"ಇನ್ನೂ ಕಿರುಚ್ತಿದೆ!"

"ನಾನೆಲ್ಲಿ ಕಿರುಚಿದೆ ಮೇಷ್ಟ್ರೇ?"

"ಕಿರುಚಿಲ್ಲ. ನಾನೇ ಸಾಕ್ಷಿ."

"ಅಯ್ಯೋ, ಇನ್ನೂ ಇಳಿಸಿ ಅಂದೆ! ಕತ್ತು ಹಿಸುಕಿಬಿಡಿ ಅದರದ್ದು!"

ಮೇಷ್ಟ್ರು ರೆಟ್ಟೆ ಬಿಟ್ಟು ಗೋಡೆಗೆ ಸರಿದರು. ಬಾಯಲ್ಲಿದ್ದ ಸೀಟಿ ತಾನಾಗಿಯೇ ಸಣ್ಣಗೆ ಕೂಗಿತು.

ಅವಳು ಕೈ ಒರೆಸಿಕೊಳ್ಳುತ್ತ ಒಳಗೆ ಬಂದಾಗ ಅತ್ತೆ ನೆಲದ ಮೇಲೆ ನಿಂತಿದ್ದರು, ಮುಖ ಕೆಂಡ. ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. ಅತ್ತೆ ಎಂದರೆ ಗುಂಡಿ, ಮಾವ ಎಂದರೆ ಗುಂಡಿ, ಹೆಸರಿಟ್ಟಿದ್ದು ನಿಮ್ಮ ಮಗ ಎಂದು ಬಿಡಿಸಿ ಹೇಳಿದಳು. ಹೇಳುತ್ತ ಹೋದಂತೆ ಇನ್ನೂ ಹದಗೆಟ್ಟಿತು.

"ಹಾಗಾದ್ರೆ ಆ ಮದುವೆ ಮನೇಲಿ 'ಅತ್ತೆ ಜಾಸ್ತಿ' ಅಂತ ನೀನು ಹಿಂದಿನಿಂದ ಕೂಗಿದ್ದು ನನಗಲ್ವಾ?"

"ಗುಂಡಿಗೆ, ಅತ್ತೆ."

"ಗುಂಡಿಗೆ! ನಾನು ಜಾಸ್ತಿ ಮಾತಾಡ್ತಿದೀನಿ ಅಂದ್ಕೊಂಡು ಇಡೀ ಮದುವೆ ತುಟಿ ಬಿಚ್ಚಲಿಲ್ಲ ಕಣೇ! ಬೀಗರು ಮಾತಾಡಿಸಿದ್ರೆ ತಲೆ ಆಡಿಸಿದೆ. ಮೂಗಿ ಅಂದ್ಕೊಂಡು ಒಬ್ಬಳು ನನ್ನನ್ನ ಕೈಸನ್ನೇಲಿ ಊಟಕ್ಕೆ ಕರೆದಳು!"

ಅವಳಿಗೆ ನಗು ಉಕ್ಕಿ ಬಂತು. ಗಂಡ ಸತ್ತ ಮೇಲೆ ಮೊದಲ ಸಲ. ಅದು ಬರಬಾರದ ಹೊತ್ತು. ತುಟಿ ಕಚ್ಚಿದಳು, ಆದರೆ ಮೂಗಿನಿಂದ ಹೊರಬಂತು.

"ನಗ್ತೀಯಾ? ಅದೂ ಜಾಸ್ತಿ 'ಆಯ್ತು' ಅಂತೆ. 'ಆದ್ರು' ಅನ್ನೋಕೂ ಬಾಯಿಗೆ ಬರಲ್ಲ. ನಾನೇನು ನಾಯೀನಾ, ನಲ್ಲೀನಾ?"

"ಅಮ್ಮ, ವ್ಯಾಕರಣದ ಪ್ರಕಾರ ಗುಂಡಿಗೆ ಗೌರವದ ಬಹುವಚನ..." ಎಂದು ಮೇಷ್ಟ್ರು ಶುರು ಮಾಡಿದರು.

"ನೀವು ಡ್ರಿಲ್ ನೋಡ್ಕೊಳ್ಳಿ ಮೇಷ್ಟ್ರೇ" ಎಂದು ಅತ್ತೆ ದಿಂಬು ಕಂಕುಳಲ್ಲಿಟ್ಟುಕೊಂಡು ಎದುರು ಮನೆಗೆ ನಡೆದೇಬಿಟ್ಟರು.

ಡ್ಯಾನ್ಸು ಮಾರನೆಯ ದಿನ. ಮೇಷ್ಟ್ರನ್ನೇ ಸ್ಟೂಲಿನ ಮೇಲೆ ಕೂರಿಸಿ ನೋಡಿದಳು. ಅವರಿಗೆ ಒಂದು ಚೂರು ಎಂಬುದು ಗೊತ್ತೇ ಇರಲಿಲ್ಲ. ಎಡಕ್ಕೆ ಎಂದರೆ ಪೂರ್ತಿ ಎಡಕ್ಕೆ, ಬಲಕ್ಕೆ ಎಂದರೆ ಪೂರ್ತಿ ಬಲಕ್ಕೆ, ಜೊತೆಗೆ ಕಾಲನ್ನೂ ನೆಲಕ್ಕೆ ಬಡಿಯುತ್ತಿದ್ದರು. ಅವರನ್ನು ಕಳಿಸಿಕೊಟ್ಟಳು.

ಡ್ಯಾನ್ಸಿನ ದಿನ ಬೆಳಿಗ್ಗೆ ಒಬ್ಬಳೇ ಶುರು ಮಾಡಿದಳು. ಗುಂಡಿ ತಿರುಗಿಸುವುದು, ಹಿತ್ತಲಿಗೆ ಓಡುವುದು, ಕೇಳುವುದು, ಮತ್ತೆ ಒಳಗೆ ಓಡುವುದು. ಓಡಿ ಬರುವಷ್ಟರಲ್ಲಿ ಏನು ಕೇಳಿದ್ದೆ ಎಂಬುದು ಏದುಸಿರಲ್ಲಿ ಹಾರಿಹೋಗುತ್ತಿತ್ತು. ಆದರೂ ಯಾವ ಗುಂಡಿ ಯಾರು ಎಂಬುದು ತಿಳಿಯಿತು. ಅತ್ತೆ ಎಡಗಡೆಯ ಮೊದಲನೆಯದು. ಅದನ್ನು ಮುಟ್ಟುವಾಗ ಅವಳಿಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಪೂರ್ತಿ ಸೊನ್ನೆಗೆ ಇಳಿಸಿ, ಅದರ ಕಡೆ ನೋಡುವುದೇ ಬೇಡ ಎಂದು ಬಿಟ್ಟಳು. ಹಾಡು ಕಂಬಳಿ ಹೊದ್ದುಕೊಂಡು ನರಳಿದಂತೆ ಕೇಳಿಸಿತು. ಹಾಗೇ ನರಳಿಕೊಂಡು ಬೀದಿ ದಾಟಿ ಹೋಯಿತು.

ಎದುರು ಮನೆಯ ಬಾಗಿಲು ದಡಾರನೆ ತೆರೆಯಿತು. ಅತ್ತೆ ಬಂದರು. ದಿಂಬು ಇನ್ನೂ ಕಂಕುಳಲ್ಲೇ ಇತ್ತು.

"ಏನೇ ಇದು, ಹಾಡೋ ಹೊಟ್ಟೆನೋವೋ? ಒಂದು ಪದ ತಿಳೀತಿಲ್ಲ. ನಾನೆಲ್ಲಿ?"

"ನಿಮ್ಮನ್ನ ಇಳಿಸಿದೀನಿ ಅತ್ತೆ."

"ಎಷ್ಟು ಇಳಿಸಿದೀಯ?"

"ಪೂರ್ತಿ. ನಿಮಗೆ ಬೇಜಾರಾಗುತ್ತಲ್ಲ ಅಂತ."

ಅತ್ತೆ ಬಾಕ್ಸಿನ ಕಡೆ ಕಿವಿ ಕೊಟ್ಟು ನಿಂತರು. "ನಾನಿಲ್ಲಾಂದ್ರೆ ಹಿಂಗಿರುತ್ತಾ?"

"ಹಿಂಗೇ ಇರುತ್ತೆ."

"ಥೂ" ಎಂದರು ಅತ್ತೆ. ದಿಂಬನ್ನು ಸ್ಟೂಲಿನ ಮೇಲೆ ಹಾಕಿ ಅದರ ಮೇಲೆ ಕೂತರು. "ಏರಿಸೋದು ಯಾವ ಕಡೆಗೆ?"

ಅವಳು ತೋರಿಸಿದಳು, ಯಾವ ಗುಂಡಿ ಯಾರು ಎಂದೂ ಹೇಳಿಕೊಟ್ಟಳು. ಅತ್ತೆ ಎರಡು ಬೆರಳಲ್ಲಿ, ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡುವ ಹಾಗೆ, ಮೆಲ್ಲಗೆ ತಿರುಗಿಸಿದರು. ಹಾಡು ಕಂಬಳಿ ಸರಿಸಿ ಮುಖ ತೋರಿಸಿತು.

"ಅವನು ನನ್ನನ್ನ ಎಷ್ಟಕ್ಕೆ ಇಡ್ತಿದ್ದ?"

"ನಾನು ಇಳಿಸಿ ಅಂತ ಎಷ್ಟು ಕೂಗಿದ್ರೂ ಒಂದು ಚೂರು ಬಿಟ್ಟೇ ಇಳಿಸ್ತಿದ್ರು ಅತ್ತೆ. 'ನಮ್ಮಮ್ಮ ಇಷ್ಟಾದ್ರೂ ಕೇಳಿಸ್ಬೇಕು' ಅನ್ನೋರು."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಅದೇ ಸೆರಗಿನಿಂದ ಗುಂಡಿಯನ್ನೂ ಒರೆಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು. "ನೋಡು, ಎಷ್ಟು ಬೇಕಾದ್ರೂ ಕೂಗ್ಕೋ. ಆದ್ರೆ ಇನ್ಮೇಲೆ 'ಆಯ್ತು' ಅನ್ನೋ ಹಾಗಿಲ್ಲ. 'ಅತ್ತೆ ಜಾಸ್ತಿ ಆದ್ರು' ಅನ್ಬೇಕು. ಮಾವನಿಗೂ ಅಷ್ಟೆ. ಸತ್ತೋರಿಗೆ ಮೊದಲು ಮರ್ಯಾದೆ."

"ನಾದಿನಿಗೆ?"

"ಅವಳು ಸಣ್ಣೋಳು. ಅವಳಿಗೆ ಬೇಡ."

ಸಂಜೆ ಶಾಲೆಯ ಹಾಲಿನಲ್ಲಿ ಬಾಕ್ಸು ನಿಲ್ಲಿಸಿದರು. ಕುರ್ಚಿ ಭಾವನವೇ. ಅವರೇ ಬಂದು ಗೋಡೆಯುದ್ದಕ್ಕೂ ಹಾಕಿಸಿ, ಉಳಿದವನ್ನು ಬಾಗಿಲ ಬಳಿ ಒಂದರ ಮೇಲೊಂದು ಪೇರಿಸಿ ಪಕ್ಕದಲ್ಲಿ ನಿಂತರು. ಹುಡುಗರು ಒಂದು ಗೋಡೆಗೆ, ಹುಡುಗಿಯರು ಇನ್ನೊಂದು ಗೋಡೆಗೆ ಅಂಟಿಕೊಂಡಿದ್ದರು. ನಡುವೆ ಬರೀ ನೆಲ. ದೊಡ್ಡ ಮೇಡಮ್ಮು ಮುಂದಿನ ಕುರ್ಚಿಯಲ್ಲಿ, ಅವರ ಪಕ್ಕ ಸೀಟಿ ಹಿಡಿದ ಮೇಷ್ಟ್ರು. ಅತ್ತೆ ಮಿಕ್ಸರಿನ ಮುಂದೆ, ದಿಂಬಿನ ಮೇಲೆ.

"ಮೈಕ್ ಟೆಸ್ಟ್ ಮಾಡಿ ಅತ್ತೆ. ಏನಾದ್ರೂ ಒಂದು ಮಾತಾಡಿ" ಎಂದು ಹೇಳಿ ಅವಳು ಹಿಂದಕ್ಕೆ ಹೋದಳು.

ಅತ್ತೆ ಮೈಕಿನ ಹತ್ತಿರ ಬಾಯಿಟ್ಟು ಕೇಳಿದರು. "ಊಟ ಆಯ್ತಾ?"

"ಇಲ್ಲ!" ಎಂದಿತು ಇಡೀ ಹಾಲು.

"ಯಾಕಿಲ್ಲ? ಇಷ್ಟೊತ್ತಾದ್ರೂ ಮಕ್ಕಳನ್ನ ಉಪವಾಸ ಇಟ್ಟಿದೀರಾ? ಯಾರಮ್ಮ ಇಲ್ಲಿ ದೊಡ್ಡೋರು?"

ದೊಡ್ಡ ಮೇಡಮ್ಮು ಸೀರೆಯ ನೆರಿಗೆ ಸರಿಮಾಡಿಕೊಂಡರು.

ರೈಲಿನ ಹಾಡು ಹೊರಟಿತು. ಅಷ್ಟೊಂದು ಮಕ್ಕಳ ಮೈ ಬಟ್ಟೆ ಎಲ್ಲ ಸೇರಿ ದನಿಯನ್ನು ಕುಡಿದುಬಿಟ್ಟವು. ಮನೆಯಲ್ಲಿ ಸರಿಯಿದ್ದದ್ದು ಇಲ್ಲಿ ತಗಡು ಬಡಿದಂತಾಯಿತು. ಯಾರೂ ಕಾಲೆತ್ತಲಿಲ್ಲ. ಹಲ್ಲುಪುಡಿಯ ಹಾಡಿಗೆ ಒಬ್ಬ ಹುಡುಗ ಹಲ್ಲು ತೋರಿಸಿದ, ಅಷ್ಟೆ. ಕೆಲವರು ಬ್ಯಾಗು ಎತ್ತಿಕೊಂಡರು. ಬಾಗಿಲ ಬಳಿ ಭಾವನ ಕಣ್ಣು ಬಾಕ್ಸುಗಳನ್ನು ಮೇಲಿನಿಂದ ಕೆಳಗೆ ಅಳೆಯಿತು.

ಹಿಂದಿನ ಗೋಡೆಗೆ ಬೆನ್ನು ಕೊಟ್ಟವಳಿಗೆ ಎಲ್ಲ ಕೇಳಿಸುತ್ತಿತ್ತು. ಏನಾಗಬೇಕು ಎಂದೂ ಗೊತ್ತಿತ್ತು. ಅವನಾಗಿದ್ದರೆ ತಿರುಗಿ ನೋಡುತ್ತಿದ್ದ, ಅವಳು ಕೈ ಆಡಿಸಿದರೆ ಸಾಕಿತ್ತು. ಅತ್ತೆಗೆ ಅಷ್ಟು ದೂರ ಕಣ್ಣು ಕಾಣದು. ಮುಂದೆ ದೊಡ್ಡ ಮೇಡಮ್ಮು ಕೂತಿದ್ದಾರೆ. ಇದು ಶಾಲೆ. ಅವಳು ಶಾಲೆಯಲ್ಲಿ ಬಾಯಿ ತೆರೆದವಳೇ ಅಲ್ಲ, ಅದಕ್ಕೇ ಬೇಗ ಬಿಡಿಸಿದ್ದರು. ಅತ್ತೆ ಕೊನೆಯ ಹಾಡು ಹಾಕಿದರು. ಜೋಗುಳ.

ಮಕ್ಕಳು ಬಾಗಿಲ ಕಡೆ ತಿರುಗಿದರು.

"ಅತ್ತೆ ಜಾಸ್ತಿ ಆದ್ರು!" ಅವಳು ಗಂಟಲು ಹರಿಯುವಂತೆ ಕೂಗಿದಳು.

ಹೊರಟವರು ನಿಂತರು. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು.

"ಆದೆನಾ? ತಡಿ, ಇಳೀತೀನಿ!" ಎಂದು ಅತ್ತೆ ಮೈಕಿನಲ್ಲೇ ಹೇಳಿದರು.

"ಮಾವ ಎಲ್ಲಿ ಹೋದ್ರು?"

"ಎಲ್ಲಿ ಹೋದ್ರು?" ಎಂದಿತು ಹುಡುಗರ ಗೋಡೆ.

"ಮಲಗಿದಾರೆ!" ಎಂದರು ಅತ್ತೆ.

"ಮಾವನ್ನ ಎಬ್ಬಿಸಿ!"

"ಮಾವನ್ನ ಎಬ್ಬಿಸಿ! ಮಾವನ್ನ ಎಬ್ಬಿಸಿ!" ಈಗ ಎರಡೂ ಗೋಡೆ ಕೂಗುತ್ತಿದ್ದವು. ಅತ್ತೆ ಒಮ್ಮೆ ಅವಳಿದ್ದ ಕಡೆ ನೋಡಿ, ಮಾವನ ಗುಂಡಿಗೆ ಕೈ ಹಾಕಿ, ಸಂಸಾರದಲ್ಲಿ ಒಂದು ಸಲವೂ ಮಾಡಲಾಗದ್ದನ್ನು ಮಾಡುವವರ ಹಾಗೆ ಪೂರ್ತಿ ತಿರುಗಿಸಿದರು.

ನೆಲ ಧಡ್ ಎಂದಿತು. ಕಿಟಕಿ ಗಾಜು ಕುಲುಕಿತು. ಜೋಗುಳದ ತಾಯಿ ಕೂಸನ್ನು ತೂಗುವುದು ಬಿಟ್ಟು ಎತ್ತಿ ಕುಪ್ಪಳಿಸಿದಂತಾಯಿತು. ಎರಡು ಗೋಡೆಗಳೂ ಒಡೆದು ಮಕ್ಕಳು ನಡುವೆ ಸುರಿದರು.

"ನಾದಿನಿ ಸ್ವಲ್ಪ ಬರ್ಲಿ!"

"ಕಂದಾ ಕಂದಾ ಕಂದಾ" ಎಂದಿತು ಬಾಕ್ಸು. ಮಕ್ಕಳು ಹುಚ್ಚೆದ್ದರು. ಡ್ರಿಲ್ ಮೇಷ್ಟ್ರಿಗೆ ಯಾವ ಪದಕ್ಕೆ ಊದಬೇಕೆಂದು ತಿಳಿಯಲಿಲ್ಲ. ಗಾಬರಿಯಲ್ಲಿ ಊದಿದ್ದು ಸರಿಯಾಗಿ ತಾಳಕ್ಕೆ ಬಿತ್ತು. ಇನ್ನೊಂದು ಸಲ ಊದಿ ನೋಡಿದರು. ಆಮೇಲೆ ನಿಲ್ಲಿಸಲಿಲ್ಲ. ಭಾವ ಕುಲುಕುತ್ತಿದ್ದ ಕುರ್ಚಿಗಳ ಪೇರಿಕೆಯನ್ನು ಬೀಳದಂತೆ ತಬ್ಬಿ ಹಿಡಿದಿದ್ದರು. ಕುರ್ಚಿ ಕುಣಿದಂತೆಲ್ಲ ಅವರೂ ಕುಣಿಯಬೇಕಾಯಿತು.

ಅದೇ ಜೋಗುಳವನ್ನು ಮತ್ತೆ ಮತ್ತೆ ಹಾಕಿಸಿದರು. ಸದ್ದು ಬೇಕಾದಷ್ಟಿತ್ತು, ಆದರೆ ತಾಯಿ ಏನು ಹಾಡುತ್ತಿದ್ದಾಳೆ ಎಂಬುದು ಹಿಂದಕ್ಕೆ ಕೇಳಿಸುತ್ತಿರಲಿಲ್ಲ. ಇದನ್ನು ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೂಗಿ ಹೇಳಿದವಳಲ್ಲ. ಅವನೇ ನೋಡಿಕೊಳ್ಳುತ್ತಿದ್ದ.

"ಸೊಸೇನ ಒಂದು ಚೂರು ಏರಿಸಿ" ಎಂದಳು. ಜೋರಾಗಿ ಹೇಳಲಾಗಲಿಲ್ಲ. ಮುಂದೆ ನಿಂತಿದ್ದ ಹುಡುಗಿ ಕೇಳಿಸಿಕೊಂಡು ಕೂಗಿದಳು, ಅವಳ ಮುಂದಿನವರು ಕೂಗಿದರು. ಮಾತು ಬಾಯಿಂದ ಬಾಯಿಗೆ ದಾಟಿಕೊಂಡು ಮಿಕ್ಸರಿಗೆ ಮುಟ್ಟಿತು.

"ಸೊಸೇನಾ? ಏರಿಸೋಣ. ಅವಳದ್ದೂ ಒಂದು ಇರ್ಲಿ" ಎಂದಿತು ಅತ್ತೆಯ ದನಿ ಮೈಕಿನಲ್ಲಿ. ಹಾಡಿನ ಪದಗಳು ಒಂದೊಂದಾಗಿ ತಿಳಿಯಾಗಿ ಹಿಂದಿನ ಗೋಡೆಯವರೆಗೂ ಬಂದವು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಸರಿಯಾಗಿತ್ತು.

ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಭಾವ ಹತ್ತಿರ ಬಂದರು. ಬೆವರಿದ್ದರು. "ಮಾತಾಡ್ತಲ್ಲಮ್ಮ ಬಾಕ್ಸು."

"ಹೂಂ ಭಾವ."

"ಮುಂದಿನ ವಾರ ನನ್ನ ಕುರ್ಚಿ ಹೋಗೋ ಕಡೆ ಸೌಂಡೂ ಬೇಕಂತೆ. ಬರ್ತೀರಾ?"

"ಡೀಜೇನ ಕೇಳಿ."

ಡೀಜೆ ದಿಂಬನ್ನು ಕೊಡವುತ್ತಿದ್ದರು. "ಬರ್ತೀವಿ. ಆದ್ರೆ ಅಲ್ಲಿ ಊಟ ಇರ್ಬೇಕು" ಎಂದರು.

ಹೊರಡುವ ಮುಂಚೆ ಬಾಕ್ಸಿಗೆ ಎಳೆದ ಉದ್ದನೆಯ ವೈರು ಸುತ್ತಬೇಕಾಯಿತು. ಅದು ಅವಳ ಕೈಗೆ ಬಗ್ಗಲಿಲ್ಲ. ವರ್ಷಗಟ್ಟಲೆ ಅವನ ಅಂಗೈಗೂ ಮೊಳಕೈಗೂ ನಡುವೆ ಸುತ್ತಿಸಿಕೊಂಡ ವೈರು. ಅವಳ ತೋಳು ಗಿಡ್ಡ. ಅವಳ ಅಳತೆಗೆ ಸುತ್ತಿದರೆ ಅಲ್ಲಲ್ಲಿ ತಿರುಚಿಕೊಂಡು ಎದ್ದು ನಿಲ್ಲುತ್ತಿತ್ತು. ಆ ದಿನ ಹೇಗೋ ಮುದುರಿ ಚೀಲಕ್ಕೆ ತುರುಕಿ ತಂದಳು.

ಈಗ ದಿನಾ ಬೆಳಿಗ್ಗೆ ಪಾತ್ರೆಗೆ ಕೂರುವ ಮೊದಲು ಅವಳು ಆ ವೈರನ್ನು ಮೊಳೆಯಿಂದ ಇಳಿಸಿ ಬಿಸಿಲಿಗೆ ಹಾಸುತ್ತಾಳೆ. ಸ್ವಲ್ಪ ಕಾದ ಮೇಲೆ ಮೆದುವಾಗುತ್ತದೆ. ಆಮೇಲೆ ತನ್ನ ಕೈಗೆ ಸುತ್ತುತ್ತಾಳೆ. "ಬಿಡೇ ಅದನ್ನ, ಹೊಸದು ತಂದ್ರಾಯ್ತು" ಎಂದು ಅತ್ತೆ ಒಳಗಿನಿಂದ ದಿನವೂ ಹೇಳುತ್ತಾರೆ, ಅವಳು ದಿನವೂ ಹೂಂ ಎನ್ನುತ್ತಾಳೆ. ವೈರು ಸ್ವಲ್ಪಸ್ವಲ್ಪವಾಗಿ ಬಗ್ಗುತ್ತಿದೆ. ಕೆಲವು ಕಡೆ ಮಾತ್ರ ಇನ್ನೂ ಅವನ ಮೊಳಕೈಯ ಅಳತೆಗೇ ದೊಡ್ಡದಾಗಿ ನಿಲ್ಲುತ್ತದೆ. ಅಂಥ ಕಡೆ ಬಂದಾಗ ಅವಳು ಎಳೆಯುವುದಿಲ್ಲ. ತೋಳನ್ನು ಒಂದು ಚೂರು ಮುಂದೆ ಚಾಚುತ್ತಾಳೆ.